ಪೇಪರ್ ತಟ್ಟೆಯವರ ದಂಗೆ

ವಸಾಹತಿನವರು ಬ್ರಿಟಿಷ್ ದೊರೆಯ ವಿರುದ್ಧ ಯಾಕೆ ದಂಗೆ ಎದ್ದರು? ನಾಲ್ಕನೇ ಕ್ಲಾಸಿನಲ್ಲಿದ್ದ ಮಗಳು ಇದನ್ನು ಕಾರಿನ ಹಿಂದಿನ ಸೀಟಿನಿಂದ ಕೇಳಿದಳು. ಅಥವಾ ಅಡುಗೆಮನೆಯಲ್ಲಿ ಕೇಳಿದಳೋ. ಕಾರು ಎಂದು ಬರೆದರೆ ನನಗೆ ಅನುಕೂಲ, ಏಕೆಂದರೆ ಆ ವರ್ಷ ನಾವು ಪ್ರತಿ ಭಾನುವಾರ ನಮ್ಮೂರಾದ ಕಮ್ಮಿಂಗ್‌ನಿಂದ ಗಂಟೆ ದೂರದ ಅಟ್ಲಾಂಟಾಕ್ಕೆ, ಕನ್ನಡ ಸಂಘದ ಮಕ್ಕಳ ತರಗತಿಗೆ ಹೋಗುತ್ತಿದ್ದೆವು. ಪಾಠ ಹೇಳುತ್ತಿದ್ದವಳು ನಾನೇ. ಅನುಕೂಲದ ನೆನಪುಗಳನ್ನು ನಾನು ನಂಬುವುದಿಲ್ಲ. ಸಿಟ್ಟನ್ನು ಮಾತ್ರ ನಂಬುತ್ತೇನೆ. ಅದು ಇಟ್ಟ ಜಾಗದಲ್ಲೇ ಇದೆ.

"ಅಮ್ಮಿ, ದೇ ವರ್ ಮ್ಯಾಡ್ ಅಬೌಟ್ ಟೀ?"

"ಟೀ ಅಲ್ಲ ಕಣೇ. ಟೀ ಮೇಲೆ ಟ್ಯಾಕ್ಸ್ ಹಾಕೋವಾಗ ಅವರನ್ನ ಯಾರೂ ಕೇಳ್ಲಿಲ್ಲ. ಎಲ್ಲೋ ಲಂಡನ್ನಲ್ಲಿ ಕೂತು ಡಿಸೈಡ್ ಮಾಡೋರು. ಅಲ್ಲಿ ಇವರ ಕಡೆಯೋರು ಒಬ್ಬರೂ ಇರ್ಲಿಲ್ಲ."

"ಓ. ಲೈಕ್ ಡಾಕ್ಟರ್ ಅಂಕಲ್."

ಡಾಕ್ಟರ್ ಅಂಕಲ್ ಎಂದರೆ ನಮ್ಮ ಸಂಘದ ಅಧ್ಯಕ್ಷರು. ಅರುವತ್ತರ ದಶಕದ ಕೊನೆಯಲ್ಲಿ ಬಂದವರು, ಸಂಘವನ್ನು ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹುಟ್ಟಿಸಿದವರು. ಆಮೇಲೆ ಅದು ಬೇಸ್‌ಮೆಂಟಿನಿಂದ ಹೊರಗೆ ಬಂದರೂ ಕೀಲಿ ಅವರ ಜೇಬಿನಲ್ಲೇ ಉಳಿಯಿತು.

ನಾವು ಮೈಸೂರಿನ ಮುಸಲ್ಮಾನರು. ಮನೆಯಲ್ಲಿ ಉರ್ದು, ಬೀದಿಯಲ್ಲಿ, ಶಾಲೆಯಲ್ಲಿ, ಜಗಳದಲ್ಲಿ ಕನ್ನಡ. ಸಂಘದ ಪ್ರತಿ ಕೂಟಕ್ಕೂ ಮುಂಚೆ ಒಂದು ಆನ್‌ಲೈನ್ ಶೀಟ್ ಬರುತ್ತಿತ್ತು: ಯಾರ ಮನೆಯಿಂದ ಏನು ಅಡುಗೆ ಎಂದು. ಒಬ್ಬರಿಗೆ ಪುಳಿಯೋಗರೆ, ಒಬ್ಬರಿಗೆ ಕೋಸಂಬರಿ. ನಮ್ಮ ಮನೆಯ ಸಾಲಿನಲ್ಲಿ ಯಾವಾಗಲೂ ಪೇಪರ್ ತಟ್ಟೆ, ಲೋಟ, ಐಸ್. ಯುಗಾದಿಗೂ ಐಸ್, ರಾಜ್ಯೋತ್ಸವಕ್ಕೂ ಐಸ್. ಅಟ್ಲಾಂಟಾ ತಲುಪುವಷ್ಟರಲ್ಲಿ ಚೀಲ ಅರ್ಧ ಕರಗಿ ಮಗಳ ಕಾಲಡಿಯ ಮ್ಯಾಟು ಒದ್ದೆಯಾಗಿರುತ್ತಿತ್ತು. ಮೊದಮೊದಲು ನಾನಿದನ್ನು ಗಮನಿಸಲೇ ಇಲ್ಲ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಮೊದಲ ಸಲವೇ ಗಮನಿಸಿದ್ದೆ.

ಕೋವಿಡ್ ಇಳಿದು ಮತ್ತೆ ಸೇರತೊಡಗಿದ ಮೇಲೆ ಒಮ್ಮೆ ನಾನೇ ಶೀಟ್ ತೆರೆದು, ತಟ್ಟೆಯನ್ನು ಅಳಿಸಿ, 'ಶಾವಿಗೆ ಪಾಯಸ' ಎಂದು ಟೈಪ್ ಮಾಡಿದೆ. ಸಂಜೆಯ ಹೊತ್ತಿಗೆ ಪಾಯಸ ಮತ್ತೆ ಪೇಪರ್ ತಟ್ಟೆಯಾಗಿತ್ತು. ಭಾನುವಾರ ಅಂಕಲ್‌ರನ್ನು ಹಿಡಿದು ಕೇಳಿದೆ.

"ಏನಿಲ್ಲಮ್ಮ, ಬರೀ ಲಾಜಿಸ್ಟಿಕ್ಸ್. ಅಷ್ಟು ದೂರದಿಂದ ಅಡುಗೆ ತರೋದು ನಿಮಗೆ ಕಷ್ಟ."

"ಐಸ್ ತರೋದು ಸುಲಭಾನಾ ಅಂಕಲ್?"

ಅವರು ನಕ್ಕರು. "ಅಬ್ಬಾ, ಏನು ಚೆನ್ನಾಗಿ ಕನ್ನಡ ಮಾತಾಡ್ತೀರಿ! ಎಲ್ಲಿ ಕಲಿತ್ರಿ?"

ಅವರ ಇಬ್ಬರು ಮೊಮ್ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವಳನ್ನು ಅವರು ಕೇಳಿದ ಪ್ರಶ್ನೆ ಇದು. ಉತ್ತರ ಕೊಟ್ಟಿದ್ದರೆ ಬಹುಶಃ ಸಿಟ್ಟು ಅಲ್ಲೇ ಖರ್ಚಾಗುತ್ತಿತ್ತು.

ದಂಗೆ ಶುರುವಾದದ್ದು ನನ್ನಿಂದಲ್ಲ. ಕಮ್ಮಿಂಗ್‌ನ ತಂದೆತಾಯಿಗಳಿಗೆ ಡ್ರೈವ್ ಮಾಡಿ ಸಾಕಾಗಿತ್ತು. ನಮ್ಮೂರಲ್ಲೇ ತರಗತಿ, ಸಮಿತಿಯಲ್ಲಿ ನಮ್ಮ ಕಡೆಯ ಒಬ್ಬರು, ಇಷ್ಟನ್ನೇ ಕೇಳಿ ಎರಡು ಸಲ ಮನವಿ ಕಳಿಸಿದೆವು. ಅಂಕಲ್ ಫೋನ್ ಮಾಡಿದರು, ನಮ್ಮ ಪೈಕಿ ಮುಂದಾಳಾಗಿದ್ದ ಪಕ್ಕದ ಬೀದಿಯ ಗೆಳತಿಗೆ. ಅವಳು ಸ್ಪೀಕರ್ ಹಾಕಿದಳು.

"ಮಕ್ಕಳಾಟ ಆಡಬೇಡಿ. ನಾವು ಬಂದಾಗ ಇಲ್ಲಿ ಕರಿಬೇವೂ ಸಿಕ್ತಿರ್ಲಿಲ್ಲ, ಗೊತ್ತಾ?"

ಫೋನ್ ಇಟ್ಟ ಮೇಲೆ ಗೆಳತಿ, "ಈ ಮನುಷ್ಯಂಗೆ ಕರಿಬೇವೇ ಕಿರೀಟ. ಬೇರೆ ಸಂಘ ಕಟ್ಟೋಣ" ಎಂದಳು. ಇಬ್ಬರು ಕನ್ನಡಿಗರಿದ್ದ ಕಡೆ ಮೂರು ಸಂಘ ಎಂದು ನಾವೇ ನಗುತ್ತಿದ್ದದ್ದುಂಟು. ಅಂದು ಯಾರೂ ನಗಲಿಲ್ಲ.

ಬೇರೆಯಾಗಲು ಕಾರಣಗಳ ಪತ್ರ ಬರೆಯುವ ಕೆಲಸ ನನಗೆ ಬಂತು, ಕನ್ನಡ ನೆಟ್ಟಗಿತ್ತಲ್ಲ. ಮಗಳ ಪಠ್ಯದಲ್ಲಿ ದೊರೆಯ ಅಪರಾಧಗಳನ್ನು ಒಂದೊಂದಾಗಿ ಹೇಳುತ್ತ ಹೋಗಿದ್ದ ರೀತಿ ನನಗೆ ಹಿಡಿಸಿತ್ತು. ಹಾಗೆಯೇ ಬರೆದೆ. ದೂರದ ಡ್ರೈವ್, ಉತ್ತರ ಬರದ ಮನವಿ. ಕೊನೆಗೆ ತಟ್ಟೆ ಮತ್ತು ಐಸ್. ಆ ಸಾಲನ್ನು ಬರೆಯುವಾಗ ಕೈ ಹಗುರವಾಗಿತ್ತು; ಉಳಿದದ್ದೆಲ್ಲ ಅದಕ್ಕೆ ಹಾಸಿದ ಚಾಪೆ.

ಗೆಳತಿ ಆ ಸಾಲನ್ನೇ ಹೊಡೆದುಹಾಕಿದಳು. "ಇದು ಪರ್ಸನಲ್ ಅನ್ಸತ್ತೆ ಕಣೇ. ಎಲ್ಲರಿಗೂ ಅಪ್ಲೈ ಆಗಲ್ಲ. ಕೆಲವರು ಸೈನ್ ಮಾಡೋಕೆ ಹಿಂದೇಟು ಹಾಕ್ತಾರೆ. ಮೊದ್ಲು ಬೇರೆ ಆಗೋಣ, ಆಮೇಲೆ ನೋಡ್ಕೊಳೋಣ."

ಮಗಳು ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಓದಿದ್ದೆ: ಈ ದೇಶದ ಸ್ವಾತಂತ್ರ್ಯ ಘೋಷಣೆಯ ಮೊದಲ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಒಂದು ಭಾಗವಿತ್ತು, ಒಗ್ಗಟ್ಟು ಮುರಿಯಬಾರದೆಂದು ತೆಗೆದುಹಾಕಿದರು. ಬರೆದವನ ಹೊಲದಲ್ಲೂ ಗುಲಾಮರೇ ದುಡಿಯುತ್ತಿದ್ದರು. ಅದರ ಪಕ್ಕದಲ್ಲಿ ನನ್ನ ಪೇಪರ್ ತಟ್ಟೆಯನ್ನು ಇಡುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಆದರೆ 'ಆಮೇಲೆ ನೋಡೋಣ' ಎನ್ನುವ ದನಿ ಎಷ್ಟು ಹಳೆಯದೆಂದು ತಿಳಿಯಿತು. ನನ್ನ ದ್ವೇಷಕ್ಕೆ ಅಂದಿನಿಂದ ಇಬ್ಬರು ವಾರಸುದಾರರು, ಅಂಕಲ್ ಮತ್ತು ಗೆಳತಿ.

"ಸರಿ, ತೆಗಿ" ಎಂದೆ.

ವಾರ್ಷಿಕ ಸಭೆ ಬಾಡಿಗೆಗೆ ಹಿಡಿದ ಶಾಲೆಯ ಕೆಫೆಟೇರಿಯಾದಲ್ಲಿ. ಪತ್ರ ಓದುವುದಕ್ಕೂ ನನ್ನನ್ನೇ ಎಬ್ಬಿಸಿದರು. ಡಾಕ್ಟರ್ ಅಂಕಲ್ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತು, ಸಂಗೀತ ಕೇಳುವವರಂತೆ ತಲೆದೂಗುತ್ತಿದ್ದರು. ಡ್ರೈವ್ ಬಗ್ಗೆ ಓದಿದೆ, ಮನವಿಗಳ ಬಗ್ಗೆ ಓದಿದೆ. ಕಾಗದ ಮುಗಿಯಿತು. ನಾನು ಕೂರಲಿಲ್ಲ.

"ಈ ಸಂಘದಲ್ಲಿ ಕನ್ನಡ ಕಲಿಸುವ ಕೈಯ ಅಡುಗೆ ಯಾರ ನಾಲಿಗೆಗೂ ಬೇಡ. ಆ ಕೈಯಿಂದ ತಟ್ಟೆ ಬೇಕು, ಐಸ್ ಬೇಕು. ಯಾಕೆ ಅಂತ ಅಧ್ಯಕ್ಷರು ಇವತ್ತು, ಇಲ್ಲೇ ಹೇಳಬೇಕು."

ತಲೆದೂಗುವುದು ನಿಂತಿತು. ಎಷ್ಟು ಹೊತ್ತು ಮೌನವಿತ್ತೋ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅದು ಪ್ರತಿ ವರ್ಷ ಇನ್ನಷ್ಟು ಉದ್ದವಾಗುತ್ತಿದೆ, ನಾನೂ ತಡೆಯುವುದಿಲ್ಲ. ಅವರು ಬಾಯಿ ತೆರೆದು ಮುಚ್ಚಿದರು. ಆ ಬಾಯಿ ಮುಚ್ಚಿದ್ದನ್ನು ಕಂಡು ನನಗಾದ ಸುಖವನ್ನು ಚಿಕ್ಕದು ಮಾಡಿ ಹೇಳಲಾರೆ.

ಎದ್ದವರು ಅವರ ಪಕ್ಕದಲ್ಲಿದ್ದ ಅವರ ಹೆಂಡತಿ. "ಅವರನ್ನ ಯಾಕಮ್ಮ ಕೇಳ್ತೀಯಾ? ಶೀಟ್ ಮಾಡ್ತಿದ್ದಿದ್ದು ನಾನು. ಪಾಯಸ ತೆಗ್ದಿದ್ದೂ ನಾನೇ. ಕೆಲವರು ಮುಟ್ಟಲ್ಲ ಅಂತ ಗೊತ್ತಿತ್ತು. ಮುಟ್ಟದೇ ಉಳಿದ್ರೆ ನಿಂಗೆ ಬೇಜಾರಾಗತ್ತೆ ಅಂದ್ಕೊಂಡೆ."

"ಆ ಕೆಲವರು ಯಾರು ಆಂಟಿ?"

ಅವರ ಕಣ್ಣು ನನ್ನನ್ನು ದಾಟಿ ಹಿಂದಕ್ಕೆ ಹೋಯಿತು, ಕಮ್ಮಿಂಗ್‌ನವರು ಕೂತಿದ್ದ ಮೇಜಿನ ಕಡೆಗೆ. ತಿರುಗಿ ನೋಡಿದೆ. ಗೆಳತಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದಳು, ತೆಗೆದು ಹಾಕುತ್ತಿದ್ದಳು.

ಇಲ್ಲಿ ಅವಳ ಮೇಲೆ ಕರುಣೆ ಉಕ್ಕಿತು ಎಂದು ಬರೆಯಬಹುದಿತ್ತು. ಉಕ್ಕಲಿಲ್ಲ. ನೇರ ಆ ಮೇಜಿಗೆ ಹೋಗಿ ಅವಳ ಕೈಯಿಂದ ಪೆನ್ನು ಕಿತ್ತುಕೊಂಡೆ.

"ಏನ್ ಮಾಡ್ತಿದ್ಯಾ?" ಎಂದಳು.

"ಪತ್ರ ಮುಗ್ದಿಲ್ಲ. ನಮ್ಮ ಹೊಸ ಸಂಘದಲ್ಲಿ ಯಾರ್ಯಾರು ನಮ್ಮನೆ ಅಡುಗೆ ಮುಟ್ಟಲ್ಲವೋ ಅವರು ಸೈನ್ ಮಾಡೋ ಹಾಗಿಲ್ಲ ಅಂತ ಸೇರಿಸ್ತಿದೀನಿ. ಇಲ್ದಿದ್ರೆ ನಿಮ್ಮ ಮಕ್ಕಳಿಗೆ ಅಕ್ಷರ ಕಲಿಸೋಕೆ ಬೇರೆಯವರನ್ನ ಹುಡುಕ್ಕೊಳ್ಳಿ."

ಆ ಕಾಗದಕ್ಕೆ ಆಮೇಲೆ ಸಹಿಗಳು ಬಿದ್ದವು, ನಾನು ಎಣಿಸಿದ್ದಕ್ಕಿಂತ ಕಡಿಮೆ. ಮೊದಲ ಸಹಿ ಯಾರದೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನದಲ್ಲ ಎಂಬುದಷ್ಟೇ ನನಗೆ ಖಚಿತ. ನಾನು ಇನ್ನೂ ಬರೆಯುತ್ತಿದ್ದೆ.