ನೀರುನಾಯಿಯ ಹೆಜ್ಜೆಯ ಮೇಲೆ ರಂಗೋಲಿ

ಹರಿಹರದ ಹೊಳೆದಂಡೆಯಲ್ಲಿ ನಡೆದ ಆ ವನ್ಯಜೀವಿ ಹಬ್ಬವನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ, ಅರ್ಧ ಪಾಲು ನನ್ನ ಮೇಲೆಯೇ.

ನಾನು ದಾವಣಗೆರೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಶಾಲೆಗೆ ಬರುವವರು ಹೆಚ್ಚಾಗಿ ಊರಂಚಿನ ಕರೂರು ಕಡೆಯ ಸಣ್ಣಪುಟ್ಟ ಫ್ಯಾಕ್ಟರಿಗಳಲ್ಲಿ ದುಡಿಯುವವರ ಮಕ್ಕಳು. ಹರಿಹರ ಅಷ್ಟು ಹತ್ತಿರವಿದ್ದರೂ ಏಳನೇ ಕ್ಲಾಸಿನಲ್ಲಿ ಹೊಳೆಗೆ ಇಳಿದು ನೋಡಿದವರು ಬೆರಳೆಣಿಕೆಯಷ್ಟು. ಪ್ರಾಣಿಗಳ ಹೆಜ್ಜೆಗುರುತನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದೂ ಬರೆದೂ ನನಗೇ ಬೇಸರ ಬಂದಿತ್ತು. ಹಬ್ಬದಲ್ಲಿ ಮಕ್ಕಳಿಗೆ ಒಂದು ಚಟುವಟಿಕೆ ನಡೆಸಿಕೊಡಿ ಎಂದು ಸಂಘಟಕರು ಕೇಳಿದಾಗ ಮಕ್ಕಳಿಗೆ ಮಾತು ಕೊಟ್ಟುಬಿಟ್ಟೆ. ನಿಜವಾದ ಹೆಜ್ಜೆಗೆ ನಿಮ್ಮ ಕೈಯಿಂದಲೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತೀರಿ, ಅದನ್ನು ಮನೆಗೆ ಒಯ್ಯುತ್ತೀರಿ ಎಂದೆ. ಒಂದು ವಾರ ಅವರಿಗೆ ಬೇರೆ ಮಾತೇ ಇರಲಿಲ್ಲ.

ಅವತ್ತು ಬೆಳಗ್ಗೆ ಮಕ್ಕಳಿಗಿಂತ ಮುಂಚೆ ಹೋಗಿ ದಂಡೆಯೆಲ್ಲ ಹುಡುಕಿದೆ. ವೇದಿಕೆಯಿಂದ ಸ್ವಲ್ಪ ಕೆಳಗೆ, ಹಸಿ ಮಣ್ಣಿನಲ್ಲಿ ನೀರುನಾಯಿಯ ಹೆಜ್ಜೆಗಳು ಸಿಕ್ಕವು. ಐದು ಬೆರಳು, ಬೆರಳುಗಳ ನಡುವೆ ಪೊರೆಯ ಗುರುತು, ಹಿಂದೆ ಬಾಲ ಎಳೆದ ಗೆರೆ. ಒಬ್ಬಳೇ ನಿಂತು ನಕ್ಕೆ. ಯಾರೂ ತುಳಿಯದಿರಲಿ ಎಂದು ನಾಲ್ಕು ಮೂಲೆಗೆ ಕೋಲು ನೆಟ್ಟು ಬಣ್ಣದ ದಾರ ಸುತ್ತಿದೆ. ಹತ್ತಿರದಲ್ಲಿ ಕಸ ಗುಡಿಸುತ್ತಿದ್ದ ಹಿರಿಯ ಹೆಂಗಸಿಗೆ, "ಈ ಜಾಗ ಸ್ವಲ್ಪ ನೋಡ್ಕೊಳ್ರಮ್ಮ, ಮುಖ್ಯವಾದದ್ದು" ಎಂದು ಹೇಳಿ ಮಕ್ಕಳನ್ನು ಬಸ್ಸಿನಿಂದ ಇಳಿಸಿಕೊಳ್ಳಲು ಹೋದೆ.

ಕರೆದುಕೊಂಡು ಬಂದು ನೋಡಿದರೆ ದಾರದೊಳಗಿನ ನೆಲವನ್ನು ಸಗಣಿ ಹಾಕಿ ನುಣ್ಣಗೆ ಸಾರಿಸಲಾಗಿತ್ತು. ಮೇಲೆ ನವಿಲಿನ ರಂಗೋಲಿ. ನಡುವೆ ಸಸಿ ನೆಡಲು ಒಂದು ಗುಂಡಿ.

ನಮ್ಮ ಕಡೆ ಕಾರ್ಯಕ್ರಮದ ದಿನ ದಾರ ಕಟ್ಟಿದ ಚೌಕ ಕಂಡರೆ ಅದು ಮುಖ್ಯ ಅತಿಥಿಗಳು ಸಸಿ ನೆಡುವ ಜಾಗ. ನಾಲ್ಕು ಸಮಾರಂಭ ಕಂಡ ಯಾರಿಗಾದರೂ ಇದು ಗೊತ್ತು. ನನಗೂ ಗೊತ್ತಿತ್ತು. ಮುಖ್ಯ ಎಂದೆನೇ ಹೊರತು ಏನು, ಯಾಕೆ ಎಂದು ಆ ಹೆಂಗಸಿಗೆ ಬಿಡಿಸಿ ಹೇಳಲು ನನಗೆ ಪುರುಸೊತ್ತಿರಲಿಲ್ಲ.

"ಯಾರ್ ಹೇಳಿದ್ರು ನಿಮ್ಗೆ ಸಾರ್ಸೋಕೆ? ನೀರ್‌ನಾಯಿ ಹೆಜ್ಜೆ ಇತ್ತಲ್ಲ ಇಲ್ಲಿ!" ಎಂದು ಮಕ್ಕಳೆದುರೇ ಗದರಿದೆ.

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನೀವೇ ಮುಖ್ಯ ಅಂದ್ರಲ್ರಿ ಮೇಡಂ, ಅದ್ಕೆ ಚೆಂದ ಮಾಡ್ದೆ. ನೀರ್‌ನಾಯಿ ಹೆಜ್ಜೆ ಬೇಕು ಅಂತ ಮೊದ್ಲೇ ಯಾಕ ಹೇಳ್ಲಿಲ್ರಿ? ಬಟ್ಟೆ ಒಗಿಯೋ ಬಂಡೆ ಆಚೆ ದಿನಾ ಬರ್ತಾವೆ. ಬರ್ರಿ, ತೋರಿಸ್ತೀನಿ."

ನನಗೆ ನಾಚಿಕೆಯಾಯಿತು. ಮಕ್ಕಳು ಮಾತ್ರ ಆಗಲೇ ಬಕೆಟ್ಟು, ಪ್ಲಾಸ್ಟರ್ ಚೀಲ ಎತ್ತಿಕೊಂಡು ಆಕೆಯ ಹಿಂದೆ ಸಾಲು ಕಟ್ಟಿದ್ದರು. ಅಷ್ಟರಲ್ಲಿ ಸಂಘಟಕರೊಬ್ಬರು ಓಡಿಬಂದರು.

"ಮೇಡಂ, ಮಕ್ಕಳನ್ನ ಎಲ್ಲೂ ಕರ್ಕೊಂಡ್ ಹೋಗ್ಬ್ಯಾಡ್ರಿ. ಗೆಸ್ಟು ಆಗ್ಲೇ ದಾವಣಗೆರೆ ಬಿಟ್ಟಾರೆ. ಬಂದಾಗ ಕುರ್ಚಿ ಖಾಲಿ ಇದ್ರೆ ಹೆಂಗೆ?"

"ಅರ್ಧ ಗಂಟೆ ಸಾಕು ಸಾರ್."

"ಅವ್ರು ಹತ್ತ್ ನಿಮಿಷದಾಗೆ ಬರ್ತಾರ್ರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಆಗಲ್ಲ ಎಂದುಬಿಡಬಹುದಿತ್ತು. ಮುಂದಿನ ಸಲ ನನ್ನನ್ನು ಕರೆಯದಿದ್ದರೆ ಎಂಬ ಅಂಜಿಕೆಗೆ ಆಗಲಿ ಎಂದೆ. ಕಸ ಗುಡಿಸುವವರೆದುರು, ಮಕ್ಕಳೆದುರು ಏರುವ ನನ್ನ ದನಿ ಅಲ್ಲಿ ಏಳಲಿಲ್ಲ.

ಹತ್ತು ನಿಮಿಷ ಎರಡು ಗಂಟೆಯಾಯಿತು. ಇನ್ನೇನು ಬಂದೇ ಬಿಟ್ಟರು ಎಂದು ಮೈಕು ಕೂಗುತ್ತಲೇ ಇತ್ತು. ಬಂದ ಮೇಲೆ ಹಾರ, ಶಾಲು, ನೆನಪಿನ ಕಾಣಿಕೆ. ಮಕ್ಕಳು ಪ್ರಕೃತಿಯನ್ನು ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ ಕಲಿಯಬೇಕು ಎಂದು ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ಮಕ್ಕಳು ಹೊಳೆಗೆ ಬೆನ್ನು ಮಾಡಿ ಕೂತು ಕೇಳಿದರು, ಹೇಳಿದಾಗ ಚಪ್ಪಾಳೆ ತಟ್ಟಿದರು. ಆಮೇಲೆ ನವಿಲಿನ ನಡುವೆ ಒಂದು ಬೇವಿನ ಸಸಿ ನೆಟ್ಟದ್ದಾಯಿತು. ಮಳೆಗಾಲದಲ್ಲಿ ಅಲ್ಲಿ ಆಳೆತ್ತರ ನೀರು ನಿಲ್ಲುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಬಸ್ಸಿಗೆ ಬೇರೆ ಟ್ರಿಪ್ ಇತ್ತು, ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಆ ಹೆಂಗಸು ಬಂಡೆಯ ಹತ್ತಿರ ಇನ್ನೂ ಕಾಯುತ್ತ ನಿಂತಿದ್ದಳು. ದೂರದಿಂದಲೇ ಆಗುವುದಿಲ್ಲ ಎಂದು ಕೈಯಾಡಿಸಿದೆ. ಹತ್ತಿರ ಹೋಗಿ ಹೇಳುವ ಧೈರ್ಯ ನನಗಿರಲಿಲ್ಲ.

ಬಸ್ಸಿನಲ್ಲಿ ಸಂಘಟಕರು ಮಕ್ಕಳಿಗೆಲ್ಲ ಪ್ರಮಾಣಪತ್ರ ಹಂಚಿದರು. ಹೆಜ್ಜೆಗುರುತಿನ ಅಚ್ಚು ತೆಗೆಯುವ ಚಟುವಟಿಕೆಯಲ್ಲಿ ಯಶಸ್ವಿಯಾಗಿ ಭಾಗವಹಿಸಿದ್ದಾರೆ ಎಂದು ಬರೆದು, ಕೆಳಗೆ ನನ್ನ ಸಹಿ. ಸಮಯ ಉಳಿಯಲೆಂದು ಹಿಂದಿನ ದಿನವೇ ಹಾಕಿಕೊಟ್ಟಿದ್ದೆ.

ಒಬ್ಬ ಹುಡುಗಿ ಅದನ್ನು ಎರಡು ಸಲ ಓದಿ ನನ್ನ ಸೀಟಿನ ಹತ್ತಿರ ಬಂದಳು. "ಮಿಸ್, ಇದ್ನ ನಮ್ಮವ್ವಗೆ ತೋರಿಸ್ಲೋ ಬ್ಯಾಡ್ವೋ? ಅಚ್ಚು ಎಲ್ಲೈತೆ ಅಂತ ಕೇಳ್ತಾಳೆ."

"ಹೋಗಿ ಕೂತ್ಕೋ" ಎಂದು ಗದರಿದೆ.

ಅವಳು ಆ ಹಾಳೆಯನ್ನು ನನ್ನ ಕೈಗೇ ಕೊಟ್ಟು ಹೋಗಿ ಕೂತಳು.