ಮುನಿತಾಯಮ್ಮನ ಬೋಣಿ

ನಮ್ಮ ಬಾಪೂಜಿನಗರದ ಅಡ್ಡರಸ್ತೆಯಲ್ಲಿ ಈಗ ಬೂಟು ಸಿಗುತ್ತದೆ, ಮೈಮೇಲೆ ಟ್ಯಾಟೂ ಹಾಕಿಸಿಕೊಳ್ಳಬಹುದು, ನಾಯಿಗೆ ಸ್ನಾನ ಮಾಡಿಸಬಹುದು. ಒಂದು ಹಿಡಿ ಸಾಸಿವೆ ಮಾತ್ರ ಸಿಗುವುದಿಲ್ಲ. ಏರಿಯಾ ಡೆವಲಪ್ ಆಗಿದೆ ಎಂದು ಎಲ್ಲರೂ ಹೇಳುತ್ತಾರೆ. ಒಗ್ಗರಣೆಗೆ ಗತಿಯಿಲ್ಲದ ಡೆವಲಪ್‌ಮೆಂಟ್ ಕಟ್ಟಿಕೊಂಡು ಏನು ಮಾಡೋಣ ಎಂದು ಕೇಳಿದರೆ ನನ್ನನ್ನು ಸಿಡುಕ ಎನ್ನುತ್ತಾರೆ. ಇರಬಹುದು. ಎದುರುಮನೆಯ ಮುನಿತಾಯಮ್ಮನವರಿಗೆ ಆದದ್ದನ್ನು ನೋಡಿಯೂ ಸಿಡುಕದೆ ಇರುವುದು ಹೇಗೆಂದು ನನಗೆ ತಿಳಿಯದು.

ಗಾರ್ಮೆಂಟ್ಸ್‌ನಲ್ಲಿ ಕಾಜಾ ಹೊಲಿದು ಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸು ಅವರು. ಓದು ಬರಹ ಅಷ್ಟಕ್ಕಷ್ಟೆ, ಆಸ್ತಿ ಎಂದರೆ ಎರಡು ಕೋಣೆಯ ಮನೆ. ಆದರೂ ಬೀದಿಯಲ್ಲಿ ಅವರಿಗಿದ್ದ ಮರ್ಯಾದೆ ಕಾರ್ಪೊರೇಟರಿಗೂ ಇರಲಿಲ್ಲ. ಕಾರಣ ಅವರ ಕೈಗುಣ. ಬೆಳಿಗ್ಗೆ ಅವರು ಬೋಣಿ ಮಾಡಿದರೆ ಅಂದಿನ ವ್ಯಾಪಾರ ಚೆನ್ನಾಗಿ ಆಗುತ್ತದೆಂದು ಅಂಗಡಿಯವರೆಲ್ಲ ನಂಬಿದ್ದರು. ಮೂಲೆಯ ದಿನಸಿ ಅಂಗಡಿಯ ವೆಂಕಟಸ್ವಾಮಿಯಂತೂ ದೀಪ ಹಚ್ಚಿಟ್ಟು, ಬೇರೆ ಗಿರಾಕಿ ಬಂದರೂ "ಒಂದ್ನಿಮಿಷ ಇರಿ ಸಾರ್, ಅಮ್ಮ ಬರ್ಲಿ" ಎಂದು ನಿಲ್ಲಿಸುತ್ತಿದ್ದ. ಸಕ್ಕರೆಗೆಂದು ಹೋಗಿ ಹಾಗೆ ನಿಂತು ಮನಸ್ಸಿನಲ್ಲೇ ಬೈದುಕೊಂಡವರಲ್ಲಿ ನಾನೂ ಒಬ್ಬ. ಮುನಿತಾಯಮ್ಮ ಬಂದು ಒಂದು ಅಚ್ಚು ಬೆಲ್ಲವೋ ಒಂದಿಷ್ಟು ಹುರಿಗಡಲೆಯೋ ಕೊಂಡ ಮೇಲೇ ನಮ್ಮ ಸರದಿ. ಅವರು ತೋರಿಸಿಕೊಳ್ಳುತ್ತಿರಲಿಲ್ಲ, ಆದರೆ ಒಳಗೊಳಗೇ ಅದು ಅವರಿಗೆ ದೊಡ್ಡ ಹೆಮ್ಮೆ.

ಆ ಸಾಲು ಅಂಗಡಿಗಳ ಜಾಗ ಮಧುಕುಮಾರನದು. ಹಳೆಯದನ್ನೆಲ್ಲ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುತ್ತೇನೆ ಎಂದು ಅವನು ಹೇಳಿದಾಗ ಬೀದಿಯ ಹೆಂಗಸರು ಅವನನ್ನು ಮುತ್ತಿಕೊಂಡರು. ಅಂದಿನ ದುಡಿಮೆಯಲ್ಲಿ ಅಂದಿನ ಅಕ್ಕಿ ಕೊಳ್ಳುವವರೇ ಇಲ್ಲಿ ಹೆಚ್ಚು. ವೆಂಕಟಸ್ವಾಮಿಯ ಅಂಗಡಿ ಹೋದರೆ ಅವರು ಎಲ್ಲಿಗೆ ಹೋಗಬೇಕು? ಮಧುಕುಮಾರ ನೇರವಾಗಿ ಬಂದು ಮುನಿತಾಯಮ್ಮನ ಕಾಲು ಮುಟ್ಟಿದ.

"ಗ್ರೌಂಡ್ ಫ್ಲೋರ್ ವೆಂಕಟಸ್ವಾಮಿಯವರಿಗೇ ಅಮ್ಮ. ಬೋಣಿ ನಿಮ್ ಕೈಲೇ ಮಾಡಿಸ್ತೀನಿ."

ಎಲ್ಲರೂ ಮುನಿತಾಯಮ್ಮನ ಮುಖ ನೋಡಿದರು. "ಬೋಣಿ ಅಂದ್ರೆ ದೀಪದ ಮುಂದಿನ ಮಾತು. ಅದ್ರಲ್ಲಿ ಯಾರೂ ಸುಳ್ಳಾಡಲ್ಲ, ಬಿಡ್ರೇ" ಎಂದರು ಅವರು. ಹೆಂಗಸರು ಸುಮ್ಮನೆ ಮನೆಗೆ ಹೋದರು. ವೆಂಕಟಸ್ವಾಮಿಯೂ ನಂಬಿ, ಸಾಮಾನು ಕಟ್ಟಿಕೊಂಡು ಉಲ್ಲಾಳದ ಮಗಳ ಮನೆಗೆ ಹೋಗಿ ಕಾದು ಕುಳಿತ.

ಕಟ್ಟಡ ಮುಗಿಯುವವರೆಗೆ ನಮ್ಮದು ನಾಯಿಪಾಡು. ಎಣ್ಣೆ ಮುಗಿದರೆ ಮೈಸೂರು ರಸ್ತೆ ದಾಟಬೇಕು. ಅಲ್ಲಿ ಬಸ್ಸು ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಿಲ್ಲಬೇಕು. ಮೊಬೈಲಿನಲ್ಲಿ ತರಿಸೋಣ ಅತ್ತೆ ಎಂದು ಮುನಿತಾಯಮ್ಮನ ಸೊಸೆ ರಂಜಿನಿ ಹೇಳುತ್ತಿದ್ದಳು. ಅವಳು ಕೆಲಸಕ್ಕೆ ಹೋದ ಮೇಲೆ ಒತ್ತುವವರು ಯಾರು? ಒಂದು ಕಟ್ಟು ಕೊತ್ತಂಬರಿಗೆ ಡೆಲಿವರಿಯವರು ಬರುವುದೂ ಇಲ್ಲ. ಮುನಿತಾಯಮ್ಮ ಮಂಡಿ ನೀವಿಕೊಳ್ಳುತ್ತಾ, "ಇನ್ನೇನು ಮುಗೀತು ಕಣಪ್ಪ, ಷಟರ್ ಹಾಕ್ತಾವ್ರೆ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಓಪನಿಂಗ್ ದಿನ ಅವರು ರೇಷ್ಮೆ ಸೀರೆ ಉಟ್ಟು, ಕೈಚೀಲ ಹಿಡಿದು ಹೊರಟರು. ನಾನೂ ಜೊತೆಗೆ ಹೋದೆ. ಬೋರ್ಡಿಗೆ ಮುಚ್ಚಿದ್ದ ಬಟ್ಟೆ ಸರಿಸಿದಾಗ ಕಂಡದ್ದು ಬೂಟಿನ ಚಿತ್ರ. ಒಳಗೆ ಗೋಡೆ ತುಂಬ ಬೂಟುಗಳೇ.

"ದಿನಸಿ ಎಲ್ಲಪ್ಪ?" ಎಂದು ಕೇಳಿದರು.

"ಬಾಡಿಗೆ ಹೊಂದಲಿಲ್ಲ ಅಮ್ಮ, ಸಾಲ ಕೊಟ್ಟ ಬ್ಯಾಂಕಿನವರು ಬಿಡಬೇಕಲ್ಲ" ಎಂದ ಮಧುಕುಮಾರ. "ಆದ್ರೆ ಬೋಣಿ ಮಾತು ಉಳಿಸ್ಕೊಂಡಿದೀನಿ ನೋಡಿ."

ನನ್ನ ಮೈ ಉರಿದುಹೋಯಿತು. ವಾಪಸ್ ಬನ್ನಿ ಎಂದು ಸನ್ನೆ ಮಾಡಿದೆ. ಅವರು ಉರಿಯುತ್ತಿದ್ದ ದೀಪವನ್ನು ನೋಡಿದರು, ಯೂನಿಫಾರಂ ಹಾಕಿಕೊಂಡು ಸಾಲಾಗಿ ನಿಂತಿದ್ದ ಕೆಲಸದ ಹುಡುಗಿಯರನ್ನು ನೋಡಿದರು, ಆಮೇಲೆ ಒಂದು ಜೊತೆ ಕಾಲುಚೀಲ ಕೊಂಡರು. ಹೊರಗೆ ಬಂದ ಮೇಲೆ ನಾನು ರೇಗಿದೆ.

"ಹೊಸ ಅಂಗಡಿಯಿಂದ ಬರಿಗೈಲಿ ಬರಕ್ಕಾಗುತ್ತಾ ರುದ್ರೇಶ? ಆ ಹೆಣ್ಮಕ್ಕಳು ಏನ್ ಪಾಪ ಮಾಡಿದ್ರು?" ಎಂದರು.

ಬೂಟಿನ ಅಂಗಡಿ ಭರ್ಜರಿಯಾಗಿ ನಡೆಯಿತು. ಎಲ್ಲ ಮುನಿತಾಯಮ್ಮನ ಕೈಗುಣ ಎಂದು ಮಧುಕುಮಾರ ಹೇಳಿಕೊಂಡು ತಿರುಗಿದ. ಹೆಂಗಸರು ಅವರನ್ನು ಕಂಡರೆ ಮುಖ ಸಿಂಡರಿಸತೊಡಗಿದರು. ಮನೆಗೆಲಸಕ್ಕೆ ಹೋಗುವ ನರಸಮ್ಮ ಒಂದು ದಿನ ಎದುರಿಗೇ ಅಂದಳು: "ನೀವು ಬಿಡಿ ಅಂದ್ರಿ, ನಾವು ಬಿಟ್ವಿ."

ಮುಂದಿನ ಉಗಾದಿಯ ಹೊತ್ತಿಗೆ ಪಕ್ಕದ ಹಿಟ್ಟಿನ ಗಿರಣಿಯೂ ಬಿದ್ದು ಅಲ್ಲಿ ಜಿಮ್ ಎದ್ದಿತು. ಅದೂ ಮಧುಕುಮಾರನದೇ. ಅವನು ಮತ್ತೆ ಬೋಣಿಗೆ ಕರೆಯಲು ಬಂದ. ಈ ಸಲ ಮುನಿತಾಯಮ್ಮ ಅವನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಅಕ್ಕಿ ಬೇಳೆ ಅಂಗಡಿ ಇಟ್ರೆ ಕರಿ, ಬರ್ತೀನಿ. ಇದಕ್ಕೆ ಬರಲ್ಲ."

ಬೋಣಿಗೆ ಅವರು ಒಲ್ಲೆ ಎಂದದ್ದು ಅದೇ ಮೊದಲು. ಅಂದು ರಾತ್ರಿ ಅವರಿಗೆ ಊಟ ಸೇರಲಿಲ್ಲ ಎಂದು ರಂಜಿನಿ ಹೇಳಿದಳು. ಆದರೆ ಮುನಿತಾಯಮ್ಮನ ಮನಸ್ಸಿನಲ್ಲಿ ಒಂದು ಆಸೆಯಿತ್ತು, ಅದನ್ನು ನನಗೆ ಹೇಳಿದ್ದರು. ತಾನು ಕೈ ಹಾಕದ ಜಿಮ್ ನಡೆಯುವುದಿಲ್ಲ, ಮಧುಕುಮಾರ ಹೆದರುತ್ತಾನೆ, ಹೆದರಿ ಆ ಜಾಗಕ್ಕೆ ವೆಂಕಟಸ್ವಾಮಿಯನ್ನು ಕರೆಯುತ್ತಾನೆ.

ಜಿಮ್‌ನಲ್ಲಿ ಈಗ ನಿಲ್ಲಲು ಜಾಗವಿಲ್ಲ. ಅದರ ಮುಂದಿನ ಬೈಕುಗಳ ದೆಸೆಯಿಂದ ಬೀದಿಯಲ್ಲಿ ನಡೆಯಲೂ ಆಗುವುದಿಲ್ಲ.

ಮೊನ್ನೆ ನಾನು ವಿಜಯನಗರದಿಂದ ಸ್ಕೂಟರಿನಲ್ಲಿ ಅವರಿಗೂ ಅಕ್ಕಿ ತಂದುಕೊಟ್ಟೆ. ಮುನಿತಾಯಮ್ಮ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಜಿಮ್ ಕಡೆಯೇ ನೋಡುತ್ತಿದ್ದರು.

"ನಾನ್ ಹೋಗ್ದೇನೂ ನಡೀತಾ ಇದೆ ನೋಡು" ಎಂದರು. ನನ್ನ ಕಡೆ ತಿರುಗಿ, "ಹಂಗಾದ್ರೆ ವೆಂಕಟಸ್ವಾಮಿ ಅಂಗಡಿ ನಡೆದಿದ್ದೂ ನನ್ ಕೈಯಿಂದಲ್ಲ ಬಿಡು. ಜನಕ್ಕೆ ಬೇಕಿತ್ತು, ನಡೀತು" ಎಂದರು.

"ಜನಕ್ಕೆ ಈಗ್ಲೂ ಬೇಕು ಅಮ್ಮ" ಎಂದೆ.

"ಬೇಕು ಅಂದ್ರೆ ಕೇಳೋರು ಯಾರು" ಎಂದು ಅಕ್ಕಿಯ ಚೀಲವನ್ನು ಒಳಗೆ ಎಳೆದುಕೊಂಡರು.