ಈಶಾನ್ಯದ ಮೋರಿ

ಸತ್ತ ರೇಷ್ಮೆಹುಳದ ನಾತ ಎಂಥದ್ದೆಂದು ನಮ್ಮೂರು ಮೇಲೂರಿನವರಿಗೆ ಹೇಳಬೇಕಿಲ್ಲ. ಬೇರೆಯವರಿಗೆ ಹೇಳಿದರೂ ತಿಳಿಯುವುದಿಲ್ಲ. ನಮ್ಮ ಮನೆಯ ಹಿಂದೆಯೇ ನೂಲು ಬಿಚ್ಚುವ ಶೆಡ್ಡು. ಗೂಡು ಬೇಯಿಸಿದ ಕಂದು ನೀರು, ಅದರ ಜೊತೆ ಸತ್ತ ಹುಳ, ಎಲ್ಲಾ ಬಚ್ಚಲ ನೀರು ಸೇರುವ ಮೋರಿಗೇ ಬೀಳುತ್ತಿತ್ತು. ಆ ಮೋರಿಯನ್ನು ನನ್ನ ಮಾವ ಈಶಾನ್ಯಕ್ಕೆ ತಿರುಗಿಸಿದ್ದರು.

ನಮ್ಮ ಜಾಗದ ಇಳಿಜಾರು ಇರುವುದು ನೈರುತ್ಯಕ್ಕೆ. ಕಣ್ಣಿದ್ದವರಿಗೆ ಕಾಣುತ್ತದೆ, ನಂಬದವರು ಒಂದು ಗೋಲಿ ಉರುಳಿಸಿ ನೋಡಬಹುದು. ಆದರೆ ಚಿಂತಾಮಣಿಯಿಂದ ಬಂದ ವಾಸ್ತುವಿನವನು ಮೊಬೈಲಿನಲ್ಲಿ ದಿಕ್ಕು ನೋಡಿ, ನೈರುತ್ಯದಲ್ಲಿ ನೀರು ಹೊರಬಿದ್ದರೆ ಮನೆ ಯಜಮಾನನಿಗೆ ಕಂಟಕ ಎಂದುಬಿಟ್ಟಿದ್ದ. ಅಂದಿನಿಂದ ಅತ್ತೆ ಆ ಮೂಲೆಯಲ್ಲಿ ಕೈ ಕೂಡ ತೊಳೆಯುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮೂರು ತಿಂಗಳ ಮಗಳನ್ನು ಎತ್ತಿಕೊಂಡು ತವರಿನಿಂದ ಆಗಷ್ಟೇ ಬಂದಿದ್ದೆ. "ಮಾವ, ನೀರು ದಿಕ್ಕು ನೋಡಲ್ಲ, ತಗ್ಗು ನೋಡುತ್ತೆ" ಎಂದೆ.

"ನಿನ್ ಸೈನ್ಸು ಸ್ಕೂಲಲ್ಲೇ ಇಟ್ಕಳಮ್ಮ" ಎಂದರು.

ಮೋರಿಯ ನೀರು ನಿಂತಲ್ಲೇ ನಿಂತಿತು. ಹುಳಗಳು ಮೊದಲು ತಳದಲ್ಲಿ ಬಿದ್ದಿರುತ್ತಿದ್ದವು. ಕೊಳೆಯುತ್ತಾ ಹೊಟ್ಟೆಯಲ್ಲಿ ಗಾಳಿ ತುಂಬಿ ಊದುತ್ತಿದ್ದವು. ತೂಕ ಅಷ್ಟೇ, ಗಾತ್ರ ಮಾತ್ರ ಹೆಚ್ಚು. ಗಾತ್ರ ಹೆಚ್ಚಿದಷ್ಟೂ ನೀರು ಮೇಲಕ್ಕೆ ದಬ್ಬುವ ಬಲವೂ ಹೆಚ್ಚು. ಮರದ ತುಂಡು, ಕಬ್ಬಿಣದ ಮೊಳೆ ಇಟ್ಟುಕೊಂಡು ಒಂಬತ್ತನೇ ಕ್ಲಾಸಿಗೆ ಹೇಳಿಕೊಡುತ್ತಿದ್ದ ಪ್ಲವನ ಬಲವನ್ನು ನನ್ನ ಮನೆಯಲ್ಲೇ ಹೀಗೆ ನೋಡಬೇಕಾಯಿತು.

ಮಗಳ ತೊಡೆ, ಬೆನ್ನಿನ ತುಂಬ ಕೀವು ತುಂಬಿದ ಗುಳ್ಳೆಗಳೆದ್ದವು. ಶಿಡ್ಲಘಟ್ಟದ ಡಾಕ್ಟರು "ಬಚ್ಚಲು ಕ್ಲೀನಾಗಿದ್ಯೇನಮ್ಮ?" ಎಂದು ಕೇಳಿದಾಗ ನಾಚಿಕೆಯಿಂದ ತಲೆ ತಗ್ಗಿಸಿದೆ. ಮನೆಗೆ ಬಂದು ಹೇಳಿದರೆ ಮಾವ, ದೃಷ್ಟಿ ತೆಗೆಯಿರಿ ಎಂದರು. ಮೊಮ್ಮಗಳ ಮೈ ಕೊಳೆತರೂ ಸರಿ, ತಮ್ಮ ಆಯಸ್ಸು ಭದ್ರವಾಗಿರಬೇಕು! ಆ ಮನುಷ್ಯನ ತಟ್ಟೆಗೆ ಮುದ್ದೆ ಬಡಿಸಲೂ ನನಗೆ ಹೇಸಿಗೆಯಾಗುತ್ತಿತ್ತು.

ಮಳೆ ಹುಯ್ದು ಬಿಟ್ಟ ಒಂದು ಬೆಳಿಗ್ಗೆ, ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ನೀರು ಹೋಗುವ ತೂತಿನೊಳಗೆ ಗುಳುಗುಳು ಸದ್ದಾಯಿತು. ಮೋರಿಯ ಕಂದು ನೀರು ವಾಪಸ್ಸು ಉಕ್ಕಿತು. ಊದಿದ ಹುಳಗಳು ತೇಲಿಕೊಂಡು ಬಂದು ಅತ್ತೆಯ ಮಂಡಿಯ ಸುತ್ತ, ಮಗುವಿನ ಕಿವಿಯ ಹತ್ತಿರ ನಿಂತವು.

ಅತ್ತೆ ಮಗುವನ್ನು ಬಾಗಿಲಲ್ಲಿ ನಿಂತಿದ್ದ ನನ್ನ ಕೈಗಿಟ್ಟು, ಶೆಡ್ಡಿನಿಂದ ಹಾರೆ ತಂದು, ಬಚ್ಚಲ ನೈರುತ್ಯದ ಗೋಡೆಯ ಬುಡಕ್ಕೆ ಹೊಡೆದರು. ಮಾವ ಓಡಿ ಬಂದರು. "ಏಯ್, ನಿಂಗೇನ್ ಬಂತೇ? ನಾನು ಸಾಯ್ಬೇಕಾ?"

"ನೀವು ಎಪ್ಪತ್ ವರ್ಷ ಬದುಕಿದ್ದೀರ. ಇದು ಹುಟ್ಟಿ ನಾಲ್ಕ್ ತಿಂಗ್ಳು" ಎಂದು ಅತ್ತೆ ಮತ್ತೆ ಹಾರೆ ಎತ್ತಿದರು.

ಇಟ್ಟಿಗೆ ಕಿತ್ತು ಬಂತು. ನೀರು ಹುಳದ ಸಮೇತ ಹಿಂದಿನ ತಗ್ಗಿಗೆ ಹರಿದುಹೋಯಿತು. ಅತ್ತೆ ಬಚ್ಚಲು ಉಜ್ಜಿ ತೊಳೆದು, ಬೇರೆ ಬಿಸಿನೀರು ತೋಡಿ, ಮಗುವನ್ನು ಮತ್ತೆ ಕಾಲ ಮೇಲೆ ಹಾಕಿಕೊಂಡರು. ಒಂದೊಂದು ಚೊಂಬು ಹುಯ್ದಾಗಲೂ ಕತ್ತು ಹೊರಳಿಸಿ, ಹಿತ್ತಲ ಕಲ್ಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದ ಮಾವ ಇನ್ನೂ ಉಸಿರಾಡುತ್ತಿದ್ದಾರೆಯೇ ಎಂದು ನೋಡುತ್ತಿದ್ದರು.